"ನಿಂಗೇನ್ ಇಷ್ಟ?" ಅಂತ ಕೇಳಿದವರು ಯಾರು?



ರಿಸಲ್ಟ್ ಬಂದಾಗಲೆಲ್ಲ ಕೇರಿ ಹುಡುಗರ ಫೋನ್ ಬರ್ತವೆ: "ಅಣ್ಣಾ, ಮುಂದೇನ್ ಓದ್ಲಿ?" ಇದನ್ನ ಈಗ ಕೆರಿಯರ್ ಕೌನ್ಸೆಲಿಂಗ್ ಅಂತಾರೆ. ಹೆಸರು ಹೊಸದು, ಕೆಲಸ ಹಳೇದು. 1907ರಲ್ಲಿ ಮೆಟ್ರಿಕ್ ಪಾಸಾದ ಭೀಮರಾವ್ ಎಂಬ ಹುಡುಗನಿಗೆ ಕೃಷ್ಣಾಜಿ ಅರ್ಜುನ ಕೆಳುಸ್ಕರ್ ಮೇಷ್ಟ್ರು ತಾವೇ ಬರೆದ ಬುದ್ಧಚರಿತ್ರೆ ಕೊಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಕಾಲೇಜಿಗೆ ಅಪ್ಪನ ಹತ್ತಿರ ದುಡ್ಡು ತೀರಿದಾಗ ಬರೋಡಾ ಮಹಾರಾಜರ ಹತ್ತಿರ ಹುಡುಗನ ಪರ ಮಾತಾಡಿದರು. ತಿಂಗಳಿಗೆ 25 ರೂಪಾಯಿ ಸ್ಕಾಲರ್‌ಶಿಪ್ ಸಿಕ್ಕಿತು. ಆ ಮಾತು ಆಡದೇ ಹೋಗಿದ್ದರೆ?

ಬಾಬಾಸಾಹೇಬರು ಇದನ್ನ ಮರೆತಿರಲಿಲ್ಲ ಅನ್ಸುತ್ತೆ. ಅವರು ವೈಸರಾಯ್ ಕೌನ್ಸಿಲ್‌ನಲ್ಲಿದ್ದಾಗಲೇ, 1944ರಲ್ಲಿ, ನಮ್ಮ ಮಕ್ಕಳಿಗೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಶುರುವಾಯ್ತು. 1945ರಲ್ಲಿ ಅವರ ಕಾರ್ಮಿಕ ಇಲಾಖೆ ಯುದ್ಧದಿಂದ ವಾಪಸ್ ಬರೋ ಸೈನಿಕರಿಗಾಗಿ ಉದ್ಯೋಗ ವಿನಿಮಯ ಕಚೇರಿಗಳನ್ನ ಕಟ್ಟತೊಡಗಿತು.

ಅದೇ ವರ್ಷ ನಮ್ಮ ಹೊಸಪೇಟೆ ಹತ್ತಿರ ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಬಿತ್ತು. ನೀರು ಕಂಪ್ಲಿ ಕಡೆ ಗದ್ದೆಗೆ ಹೋಯ್ತು. ಗದ್ದೆ ಇಲ್ಲದ ನಾವು ನಾಟಿ ಕೂಲಿಗೆ ಹೋದ್ವಿ. ಸಂಡೂರಿನ ಗುಡ್ಡದಲ್ಲಿ ನಮ್ಮ ಅವ್ವಂದಿರು ಸುತ್ತಿಗೆ, ಜರಡಿ ಹಿಡಿದರು. 1991ರಲ್ಲಿ ಹಂಪಿಗೆ ಕನ್ನಡ ವಿಶ್ವವಿದ್ಯಾಲಯ ಬಂತು. ಅಲ್ಲಿ ನಾವೂ ಓದಬಹುದು ಅಂತ ಹೇಳೋರು ಮಾತ್ರ ನಮ್ಮ ಕೇರಿಗೆ ಬರಲಿಲ್ಲ.

ಆಮೇಲೆ ಚೀನಾದ ಬೇಡಿಕೆಗೆ ಅದಿರಿನ ರೇಟು ಏರಿತು. ನನ್ನ ಚಿಕ್ಕಪ್ಪನ ಮಗ ಪಿಯುಸಿ ಬಿಟ್ಟು ಲಾರಿ ಕ್ಲೀನರ್ ಆದ, ಆಮೇಲೆ ಡ್ರೈವರ್. ಬೈಕ್ ತಗೊಂಡ. ಹಾಸ್ಟೆಲ್ ಸಾರು ಉಣ್ತಿದ್ದ ನನಗೆ ಹೊಟ್ಟೆಕಿಚ್ಚಾಗಿತ್ತು, ಸುಳ್ಳ್ಯಾಕೆ ಹೇಳ್ಲಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆದೇಶ ಸರಿ ಇತ್ತು, ಲೂಟಿ ನಿಲ್ಲಲೇಬೇಕಿತ್ತು. ಆದ್ರೆ ಲಾರಿ ನಿಂತ ಮೇಲೆ ಆ ಹುಡುಗರು ಏನು ಮಾಡ್ಬೇಕು ಅಂತ ಯಾರೂ ಕೇಳಲಿಲ್ಲ. ನನ್ನ ತಮ್ಮ ತಿಂಗಳುಗಟ್ಟಲೆ ಮನೆ ಬಿಟ್ಟು ಹೊರಗೆ ಬರಲಿಲ್ಲ. "ನಂಗೇ ತಲೆ ಇಲ್ಲ ಬಿಡಣ್ಣ" ಅನ್ನೋನು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅವನಿಗೆ ನನಗಿಂತ ಜಾಸ್ತಿ ಮಾರ್ಕ್ಸ್! ದಾರಿ ತೋರಿಸದವರ ತಪ್ಪನ್ನ ಅವನು ತನ್ನ ತಲೆ ಮೇಲೆ ಹಾಕ್ಕೊಂಡಿದ್ದ. ಕುಡಿತಕ್ಕಿಂತ ಮೊದಲು ನಮ್ಮ ಹುಡುಗರನ್ನ ತಿಂದಿದ್ದು ಈ ಮಾತು.

ನನಗೂ ಒಬ್ಬ ಮೇಷ್ಟ್ರು "ನಿಮ್ಮೋರಿಗೆ ಐಟಿಐ ಸಾಕು" ಅಂದಿದ್ರು. ಐಟಿಐ ಕೀಳಲ್ಲ. "ನಿಮ್ಮೋರಿಗೆ" ಅನ್ನೋದು ಚುಚ್ಚಿತು. ಹಾಸ್ಟೆಲಿನ ಸೀನಿಯರ್ ಒಬ್ಬ ರಾತ್ರಿ ಕೂತು ಡಿಗ್ರಿ ಅರ್ಜಿ ತುಂಬಿಸುವಾಗ ಕೇಳಿದ: "ನಿಂಗೇನ್ ಇಷ್ಟಲೇ?" ನನಗೆ ಉತ್ತರ ಬರಲಿಲ್ಲ. ಅಲ್ಲಿವರೆಗೆ ಯಾರೂ ಕೇಳಿರಲಿಲ್ಲವಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ "ಇತಿಹಾಸ" ಅಂತ ಬರೆದೆ.

2015ರ ಕಾನೂನು ತಿದ್ದುಪಡಿಯಿಂದ ಗಣಿಬಾಧಿತರಿಗಾಗಿ ಜಿಲ್ಲಾ ಖನಿಜ ನಿಧಿ ಇದೆ. ಆ ದುಡ್ಡಲ್ಲಿ ಬಳ್ಳಾರಿ, ವಿಜಯನಗರ ಜಿಲ್ಲೆಗಳ ಪ್ರತಿ ಎಸ್ಸಿ, ಎಸ್ಟಿ ಹಾಸ್ಟೆಲಿಗೆ ಒಬ್ಬ ಕಾಯಂ ಮಾರ್ಗದರ್ಶಕರು ಬೇಕು. ವರ್ಷಕ್ಕೊಂದು ದಿನ ಭಾಷಣ ಮಾಡಿ ಹೋಗೋರಲ್ಲ. ಮನವಿ ಬರೀತಿದೀವಿ. ಭಾನುವಾರ ಸಹಿ ಹಾಕಾಕ ಬರ್ರಿ, ಹುಡುಗಿಯರನ್ನೂ ಕರ್ಕೊಂಡು ಬರ್ರಿ. ನನ್ನ ತಮ್ಮನೂ ಬರ್ತೀನಿ ಅಂದಿದಾನೆ.