ವಾರಮ್ ಪರ್ಸಿ: ಒಂದು ಚರ್ಚು, ಐದು ಊರು

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ, ಮಾಲ್ಟನ್ ಪೇಟೆಯಿಂದ ಆಗ್ನೇಯಕ್ಕೆ ವೋಲ್ಡ್ಸ್ ಎಂಬ ಸುಣ್ಣಕಲ್ಲಿನ ಗುಡ್ಡಗಳಿವೆ. ವಾರಮ್ ಪರ್ಸಿ ಪ್ಯಾರಿಷ್ ಹರಡಿದ್ದುದು ಈ ಗುಡ್ಡಗಳ ಮೇಲೆ. ಒಂದೇ ಚರ್ಚಿಗೆ ನಡೆದುಕೊಳ್ಳುವ ಒಕ್ಕಲುಗಳ ಸೀಮೆಯೇ ಪ್ಯಾರಿಷ್. ದಕ್ಷಿಣ ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಊರಿಗೊಂದು ಪ್ಯಾರಿಷ್ ಇದ್ದರೆ, ಉತ್ತರದಲ್ಲಿ ಹಲವು ಊರುಗಳು ಒಂದೇ ಚರ್ಚಿಗೆ ಸೇರಿದ್ದವು. ಹೊಲ, ಹುಲ್ಲುಗಾವಲು ಸಮೇತ ಅಂಥ ಒಂದೊಂದು ಊರೂ ಒಂದು ಟೌನ್‌ಷಿಪ್. ಇಲ್ಲಿದ್ದವು ಐದು: ವಾರಮ್ ಪರ್ಸಿ, ರೇಸ್‌ಥಾರ್ಪ್, ಬರ್ಡೇಲ್, ಟೌಥಾರ್ಪ್, ಥಿಕ್ಸೆಂಡೇಲ್. ‘ಥಾರ್ಪ್’ ಎಂದರೆ ಡೇನರ ಮಾತಿನಲ್ಲಿ ಚಿಕ್ಕ ಊರು. ‘ಪರ್ಸಿ’ ಮಧ್ಯಯುಗದ ಜಮೀನ್ದಾರ ಮನೆತನದ ಹೆಸರು.

ಉಳುಮೆ, ಮೇವು, ಎಲ್ಲೆಕಟ್ಟುಗಳೆಲ್ಲ ಟೌನ್‌ಷಿಪ್ಪಿನ ಪಾಲಿಗೆ. ನಾಮಕರಣ, ಮದುವೆ, ಮಣ್ಣು, ಬೆಳೆಯ ಹತ್ತನೆಯ ಒಂದು ಪಾಲಿನ ಕಾಣಿಕೆ ಚರ್ಚಿನ ಪಾಲಿಗೆ. ಸುಣ್ಣಕಲ್ಲಿನ ನೆಲದಲ್ಲಿ ನೀರು ನಿಲ್ಲದೆ ಇಂಗಿಹೋಗುತ್ತದೆ. ವಾರಮ್ ಪರ್ಸಿಯ ಮನೆಗಳು ದಿಬ್ಬದ ಮೇಲಿದ್ದರೂ ಒರತೆಗಳಿದ್ದದ್ದು ಕೆಳಗಿನ ಕಣಿವೆಯಲ್ಲಿ. ಸಂತ ಮಾರ್ಟಿನನ ಚರ್ಚೂ ಅಲ್ಲಿಯೇ ಇದೆ.

ಊರನ್ನು ಪ್ಲೇಗು ತಿಂದುಹಾಕಿತು ಎಂಬ ಮಾತು ಬಹುಕಾಲ ನಡೆಯಿತು. ಅದು ಸರಿಯಲ್ಲ. 1349ರ ಮಹಾಮಾರಿ ಜನರನ್ನು ಕಡಿಮೆ ಮಾಡಿತು, ಆದರೆ ಊರು ಮತ್ತೆ ನೂರೈವತ್ತು ವರ್ಷ ಬದುಕಿತ್ತು. ಅದನ್ನು ಮುಗಿಸಿದ್ದು ಕುರಿ. ಕೂಲಿ ದುಬಾರಿಯಾಗಿ ಉಣ್ಣೆಗೆ ಬೆಲೆ ಬಂದಾಗ, ಒಡೆಯನಿಗೆ ಹತ್ತು ಒಕ್ಕಲಿಗಿಂತ ಒಬ್ಬ ಕುರುಬನೇ ಲಾಭವೆನಿಸಿದ. 1517ರ ಸರ್ಕಾರಿ ವಿಚಾರಣೆಯ ದಾಖಲೆಯಲ್ಲಿ ಉಳಿದಿರುವುದು ಇಷ್ಟೇ: ನಾಲ್ಕು ನೇಗಿಲು ನಿಂತವು, ನಾಲ್ಕು ಮನೆ ಪಾಳುಬಿದ್ದವು. ಶತಮಾನಗಳ ಬೇಸಾಯ ಮುಗಿದದ್ದಕ್ಕೆ ಎಷ್ಟು ಚಿಕ್ಕ ಬರಹ! ರೇಸ್‌ಥಾರ್ಪ್, ಬರ್ಡೇಲ್, ಟೌಥಾರ್ಪ್‌ಗಳೂ ಕಾಲಕ್ರಮದಲ್ಲಿ ಬೇಚರಾಕ್ ಊರುಗಳಾದವು, ಇಲ್ಲವೇ ಒಂದೆರಡು ತೋಟದ ಮನೆಗಳಿಗೆ ಇಳಿದವು.

ಊರು ಹೋದರೂ ಚರ್ಚು ಹೋಗಲಿಲ್ಲ. ಅದು ಉಳಿದ ಊರುಗಳಿಗೂ ಸೇರಿದ್ದಲ್ಲವೇ? ಜನ ಹೆಚ್ಚಿದ್ದ 12, 13ನೆಯ ಶತಮಾನಗಳಲ್ಲಿ ಎರಡೂ ಪಕ್ಕಕ್ಕೆ ಅಂಕಣ ಕಟ್ಟಿ ಅದನ್ನು ಅಗಲ ಮಾಡಿದ್ದರು. ಜನ ಕರಗಿದಾಗ ಅವನ್ನು ಕೆಡವಿ ಕಮಾನುಗಳಿಗೆ ಕಲ್ಲು ತುಂಬಿದರು. ಆ ಕಂಬ, ಕಮಾನುಗಳು ಈಗಲೂ ಗೋಡೆಯಲ್ಲಿ ಹುದುಗಿ ಕಾಣುತ್ತವೆ. ಪ್ಯಾರಿಷ್ಷಿನ ಜನಗಣತಿಯನ್ನು ಆ ಗೋಡೆಯಲ್ಲೇ ಓದಬಹುದು. 1870ರಲ್ಲಿ ಸ್ಲೆಡ್‌ಮಿಯರ್‌ನ ಜಮೀನ್ದಾರರಾದ ಸೈಕ್ಸ್ ಮನೆತನ ಥಿಕ್ಸೆಂಡೇಲಿನಲ್ಲಿ ಬೇರೆ ಚರ್ಚು ಕಟ್ಟಿಸಿದ ಮೇಲೆ ಹಳೆಯದಕ್ಕೆ ಬರುವವರು ವಿರಳವಾದರು. 1949ರಲ್ಲಿ ಕೊನೆಯ ಆರಾಧನೆ ನಡೆಯಿತು. 1959ರಲ್ಲಿ ಗೋಪುರದ ಒಂದು ಭಾಗ ಕುಸಿಯಿತು.

ಟೌನ್‌ಷಿಪ್‌ಗಳು ಇನ್ನೊಂದು ದಾರಿ ಹಿಡಿದವು. ಉತ್ತರದ ದೊಡ್ಡ ಪ್ಯಾರಿಷ್‌ಗಳಲ್ಲಿ ಬಡವರನ್ನು ನೋಡಿಕೊಳ್ಳುವ ಹೊಣೆಯನ್ನು ಟೌನ್‌ಷಿಪ್‌ಗಳೇ ಹೊರಲು 1662ರ ಕಾನೂನು ಅವಕಾಶ ಕೊಟ್ಟಿತು. ಹಾಗೆ ಬಡವರ ತೆರಿಗೆ ಎತ್ತುತ್ತಿದ್ದ ಟೌನ್‌ಷಿಪ್‌ಗಳನ್ನು 1866ರ ಕಾನೂನು ಸಿವಿಲ್ ಪ್ಯಾರಿಷ್‌ಗಳೆಂದು, ಅಂದರೆ ಚರ್ಚಿನದಲ್ಲದ ಸ್ಥಳೀಯ ಆಡಳಿತದ ಸೀಮೆಗಳೆಂದು, ಒಪ್ಪಿತು. ಊರೇ ಇಲ್ಲದ ಎಲ್ಲೆಗಳಿಗೂ ಹೀಗೆ ಕಾಗದದ ಮೇಲೆ ಆಯುಸ್ಸು ಬೆಳೆಯಿತು.

ನೆಲದ ಕೆಳಗಿನ ಊರು ಬೆಳಕಿಗೆ ಬಂದದ್ದು ಆರ್ಥಿಕ ಇತಿಹಾಸಕಾರ ಮಾರಿಸ್ ಬೆರೆಸ್‌ಫೋರ್ಡ್ ಮತ್ತು ಪುರಾತತ್ತ್ವಜ್ಞ ಜಾನ್ ಹರ್ಸ್ಟ್ ಅವರಿಂದ. 1950ರಲ್ಲಿ ಬೆರೆಸ್‌ಫೋರ್ಡ್ ಶುರುಮಾಡಿದ ಅಗೆತ, ಹರ್ಸ್ಟ್ ಜೊತೆಗೂಡಿದ ಮೇಲೆ, ಬೇಸಿಗೆ ಬೇಸಿಗೆಗೂ 1990ರವರೆಗೆ ನಡೆಯಿತು. ಚರ್ಚಿನ ಆವರಣದಲ್ಲಿ ಸುಮಾರು 700 ಜನರ ಅಸ್ಥಿಗಳು ಸಿಕ್ಕವು. ದಿಬ್ಬದ ಮೇಲೆ ಮನೆಗಳ ತಳಪಾಯ, ಹಿತ್ತಿಲ ಬದು, ನಡುವಿನ ಹಾದಿ ಹುಲ್ಲಿನಡಿ ಉಬ್ಬುತಗ್ಗಾಗಿ ಇವೆ. ಇಳಿಬಿಸಿಲಲ್ಲಿ ನಿಚ್ಚಳವಾಗಿ ಕಾಣುತ್ತವೆ. ಐದು ಟೌನ್‌ಷಿಪ್‌ಗಳಲ್ಲಿ ಇಂದಿಗೂ ಊರೆನ್ನಿಸಿಕೊಂಡಿರುವುದು ಥಿಕ್ಸೆಂಡೇಲ್ ಒಂದೇ.