ನಮ್ಮೋರು ಅಂದ್ರೆ ಯಾರು?

2025ರ ಮೇ 21. ಗಡಿಯಾರದ ಲೆಕ್ಕದಲ್ಲಿ ಆಗಲೇ 22 ಆಗಿತ್ತು ಬಿಡಿ, ರಾತ್ರಿ ಸುಮಾರು ಎರಡೂವರೆ. ಬೆಳಗ್ಗೆ ಒಂಬತ್ತಕ್ಕೆ ಆಫೀಸಿನ ಮೀಟಿಂಗ್ ಇತ್ತು. ಆದರೂ ನಾವು ಮೂರು ಜನ ಗೆಳೆಯರು ನಮ್ಮ ಮನೆಯ ಹಾಲ್‌ನಲ್ಲಿ ಕೆಂಪು ಜೆರ್ಸಿ ಹಾಕ್ಕೊಂಡು, ಟಿವಿ ಮುಂದೆ ಸಾವಿನ ಮನೆಯವರ ಹಾಗೆ ಕೂತಿದ್ದೆವು. ಸ್ಪೇನಿನ ಬಿಲ್ಬಾವೋದಲ್ಲಿ ಯುರೋಪಾ ಲೀಗ್ ಫೈನಲ್ ಆಗಷ್ಟೇ ಮುಗಿದಿತ್ತು. ಟಾಟನ್‌ಹ್ಯಾಮ್ 1, ಮ್ಯಾಂಚೆಸ್ಟರ್ ಯುನೈಟೆಡ್ 0. ಆ ಸಲ ಪ್ರೀಮಿಯರ್ ಲೀಗ್‌ನಲ್ಲಿ ಯುನೈಟೆಡ್ ಮುಗಿಸಿದ್ದು 15ನೇ ಸ್ಥಾನದಲ್ಲಿ. ಇದೊಂದು ಕಪ್ಪಾದರೂ ಬಂದಿದ್ದರೆ ಮುಖ ಉಳೀತಿತ್ತು. ಅದೂ ಹೋಯ್ತು.

ಆಮೇಲೆ ಶುರುವಾಗಿದ್ದು ಎಲ್ಲ ಯುನೈಟೆಡ್ ಅಭಿಮಾನಿಗಳ ಮನೆಯಲ್ಲೂ ನಡೆಯುವ ಶ್ರಾದ್ಧದ ಮಂತ್ರ. "ಕೀನ್ ಇದ್ದಿದ್ರೆ ಹೀಗಾಗ್ತಿತ್ತಾ?" "ಸ್ಕೋಲ್ಸ್ ಥರ ಒಂದು ಪಾಸ್ ಕೊಡೋನು ಇದಾನಾ ಇವ್ರಲ್ಲಿ?" 1999ರಲ್ಲಿ ಬಾರ್ಸಿಲೋನಾದಲ್ಲಿ ಶೆರಿಂಗ್‌ಹ್ಯಾಮ್, ಸೋಲ್‌ಷೇರ್ ಇಂಜುರಿ ಟೈಮ್‌ನಲ್ಲಿ ಬಾಯರ್ನ್ ಮ್ಯೂನಿಕ್‌ಗೆ ಹೊಡೆದ ಎರಡು ಗೋಲುಗಳನ್ನು ನೂರಾ ಒಂದನೇ ಸಲ ನೆನೆದೆವು. 2013ರಲ್ಲಿ ಫರ್ಗ್ಯುಸನ್ ನಿವೃತ್ತರಾದ ಮೇಲೆ ಒಂದೇ ಒಂದು ಲೀಗ್ ಪ್ರಶಸ್ತಿ ಬಂದಿಲ್ಲ ಅಂತ ಮಾಲೀಕರಿಗೆ ಕನ್ನಡದಲ್ಲೇ ಸಹಸ್ರನಾಮ ಮಾಡಿದೆವು.

ಆ ಗಲಾಟೆಗೆ ಅಪ್ಪನಿಗೆ ಎಚ್ಚರವಾಯ್ತು. ಕೋಣೆಯಿಂದ ಎದ್ದು ಬಂದರು.

"ಯಾರೋ ಸೋತಿದ್ದು?"

"ನಮ್ಮೋರು ಅಪ್ಪ."

"ನಮ್ಮೋರಾ? ಯಾವೂರು ಅದು?"

"ಮ್ಯಾಂಚೆಸ್ಟರ್."

ಅಪ್ಪ ನೀರು ಕುಡಿದು ಲೋಟ ಕೆಳಗಿಟ್ಟರು. "ನಮ್ಮೋರು ಮೋಹನ್ ಬಗಾನ್‌ನ ಸೋಲಿಸಿ ಕಪ್ ತಂದಾಗ ನೀನಿನ್ನೂ ಹುಟ್ಟಿರ್ಲಿಲ್ಲ ಕಣೋ," ಅಂದು ಮಲಗೋಕೆ ಹೋದರು.

ನನ್ನ ಗೆಳೆಯರು ನಕ್ಕರು. ನಾನೂ ನಕ್ಕೆ. ಆದರೆ ಆ "ನಮ್ಮೋರು" ಅನ್ನೋ ಪದ ಮಾತ್ರ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಉಳಿದುಕೊಂಡಿತು. ಭಾನುವಾರ ಕಾಫಿ ಕುಡೀತಾ ಕೇಳಿಯೇ ಬಿಟ್ಟೆ.

ನಮ್ಮಪ್ಪ ಕೆಲಸ ಮಾಡಿದ್ದು ದೂರವಾಣಿನಗರದ ಐಟಿಐನಲ್ಲಿ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಶುರುವಾದ ಕಾರ್ಖಾನೆ. ದೇಶದ ಮನೆ ಮನೆಯಲ್ಲಿದ್ದ, ಬೆರಳು ಹಾಕಿ ತಿರುಗಿಸುವ ಆ ಕಪ್ಪು ಫೋನ್ ಮಾಡಿದವರು ಇವರೇ. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಏನಂದ್ರೆ, ಭಾರತದ ಮೊಟ್ಟಮೊದಲ ಫೆಡರೇಶನ್ ಕಪ್ ಗೆದ್ದ ತಂಡ ಐಟಿಐ ಅಂತ. 1977ರಲ್ಲಿ ಎರ್ನಾಕುಲಂನಲ್ಲಿ ನಡೆದ ಫೈನಲ್‌ನಲ್ಲಿ ನಮ್ಮ ಫೋನ್ ಕಾರ್ಖಾನೆಯ ಹುಡುಗರು ಮೋಹನ್ ಬಗಾನನ್ನು 1-0ಯಿಂದ ಸೋಲಿಸಿದರು. ಅದು ಎಂಥ ಮೋಹನ್ ಬಗಾನ್ ಗೊತ್ತಾ? ಅದೇ 1977ರಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮೋಸ್ ಜತೆ 2-2 ಸಮ ಮಾಡಿಕೊಂಡ ತಂಡ.

ಪೆಲೆಯ ತಂಡಕ್ಕೆ ಸೋಲದವರನ್ನು ಅಪ್ಪನ ಸಹೋದ್ಯೋಗಿಗಳು ಸೋಲಿಸಿದ್ದರು. ಇದು ನನಗೆ ಗೊತ್ತಾಗೋಕೆ ಒಂದು ಇಂಗ್ಲಿಷ್ ತಂಡ ಸ್ಪೇನಿನಲ್ಲಿ ಸೋಲಬೇಕಾಯ್ತು.

ಕಥೆ 1977ಕ್ಕೇ ಶುರುವಾಗಿದ್ದೂ ಅಲ್ಲ. ಬೆಂಗಳೂರಿಗೆ ಫುಟ್‌ಬಾಲ್ ಬಂದಿದ್ದು ದಂಡಿನ ಜತೆ. ಕಂಟೋನ್ಮೆಂಟಿನಲ್ಲಿ ಬ್ರಿಟಿಷ್ ಸಿಪಾಯಿಗಳು ಆಡ್ತಿದ್ದರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕಡೆಯ ಹುಡುಗರು ಬರಿಗಾಲಲ್ಲಿ ಕಲಿತರು. ಬೊಂಬಾಯಿಯಲ್ಲಿ 1891ರಲ್ಲಿ ಶುರುವಾದ ರೋವರ್ಸ್ ಕಪ್ ದಶಕಗಟ್ಟಲೆ ಬ್ರಿಟಿಷ್ ಪಡೆಗಳ ಕೈಯಲ್ಲೇ ಇತ್ತು. ಅದನ್ನು ಕಿತ್ತುಕೊಂಡ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷ ಮತ್ತೆ ಅವರೇ ಗೆದ್ದರು. 1948ರಲ್ಲಿ ಇನ್ನೊಮ್ಮೆ.

ಆ 1948ರಲ್ಲೇ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತ ಆಡಿದ ಮೊದಲ ಒಲಿಂಪಿಕ್ಸ್. ಫ್ರಾನ್ಸ್ ಎದುರಿನ ಪಂದ್ಯದಲ್ಲಿ ನಮ್ಮ ಹೆಚ್ಚಿನ ಆಟಗಾರರಿಗೆ ಬೂಟಿಲ್ಲ. ಸಿಕ್ಕಿದ ಎರಡು ಪೆನಾಲ್ಟಿಗಳೂ ಕೈತಪ್ಪಿದವು. ಕೊನೆಗೆ 2-1ರಿಂದ ಸೋತೆವು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ಸಂಸ್ಥಾನದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ನಾಲ್ಕು ವರ್ಷದ ನಂತರ, 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ನಮ್ಮದು ಒಂದೇ. ಆ ಒಂದು ಅಹ್ಮದ್ ಖಾನ್ ಅವರದ್ದು. ಹುಟ್ಟಿದ್ದು ಬೆಂಗಳೂರಿನಲ್ಲಿ, ಮೊದಲು ಆಡಿದ್ದು ಬೆಂಗಳೂರು ಮುಸ್ಲಿಮ್ಸ್‌ಗೆ. ಅಂದರೆ ಆ ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತ ಹೊಡೆದ ಒಟ್ಟು ಗೋಲು ಎರಡು. ಎರಡೂ ನಮ್ಮ ಕಡೆಯವರ ಕಾಲಿಂದ ಬಂದವು.

ಸ್ಕೋಲ್ಸ್ ಎಷ್ಟು ಗೋಲು ಹೊಡೆದ ಅಂತ ನಿದ್ದೆಗಣ್ಣಲ್ಲೂ ಹೇಳ್ತೀನಿ ನಾನು. ಅಹ್ಮದ್ ಖಾನ್ 2017ರಲ್ಲಿ ತೀರಿಕೊಂಡರು. ಅಲ್ಲೀವರೆಗೂ ಅವರು ಇದ್ದರು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಹಾಗಾದ್ರೆ ಇಷ್ಟೆಲ್ಲ ಇದ್ದದ್ದು ಎಲ್ಲಿ ಹೋಯ್ತು? ಸಾಮಾನ್ಯವಾಗಿ ನಾವು ಕೊಡೋ ಉತ್ತರ ಒಂದೇ: ಕ್ರಿಕೆಟ್ ನುಂಗಿಹಾಕ್ತು. ಸುಲಭದ ಉತ್ತರ. ಅದರಲ್ಲಿ ಸ್ವಲ್ಪ ನಿಜ ಇರಬಹುದು, ಆದರೆ ಅಪ್ಪ ಹೇಳಿದ ಕಾರಣ ಬೇರೆ. "ಕೆಲಸ ಹೋಯ್ತು, ಆಟ ಹೋಯ್ತು," ಅಂದರು ಅಷ್ಟೇ.

ಆಗ ಫುಟ್‌ಬಾಲ್ ಆಡಿದರೆ ಹೊಟ್ಟೆ ತುಂಬ್ತಿರಲಿಲ್ಲ. ಹಾಗಾಗಿ ಒಳ್ಳೇ ಆಟಗಾರನ ಮುಂದೆ ಇದ್ದದ್ದು ಎರಡೇ ದಾರಿ. ಒಂದು, ಕಲ್ಕತ್ತೆಯ ರೈಲು ಹತ್ತೋದು. ಅಹ್ಮದ್ ಖಾನ್ 1949ರಲ್ಲಿ ಹೋಗಿದ್ದು ಹಾಗೇ. ಅಲ್ಲಿ ಈಸ್ಟ್ ಬೆಂಗಾಲ್‌ನ ಐದು ಜನ ಮುಂಪಡೆ ಆಟಗಾರರಿಗೆ ಜನ ಪಂಚಪಾಂಡವರು ಅಂತ ಹೆಸರಿಟ್ಟರು. ಅವರಲ್ಲಿ ಒಬ್ಬರು ಇವರು. ಎರಡನೇ ದಾರಿ, ಊರಲ್ಲೇ ಇದ್ದು ಸರಕಾರಿ ಕಾರ್ಖಾನೆಯಲ್ಲಿ ಕ್ರೀಡಾ ಕೋಟಾದ ಕೆಲಸ ಹಿಡಿಯೋದು. ಐಟಿಐ, ಹೆಚ್‌ಎಎಲ್ ಥರದ ಕಡೆ ಆಟಗಾರ ಅಂದ್ರೆ ನೌಕರ. ತಿಂಗಳಿಗೆ ಸಂಬಳ, ಕ್ವಾರ್ಟರ್ಸು, ಕಾಲು ಸೋತ ಮೇಲೂ ಒಂದು ಕುರ್ಚಿ, ಆಮೇಲೆ ಪಿಂಚಣಿ.

ಇದರ ಫಲ ದೊಡ್ಡದೇ ಇತ್ತು. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತು. 1946 ಮತ್ತು 1952ರಲ್ಲಿ ಒಂದೊಂದು ಸಲ, ಆಮೇಲೆ 1967-68 ಮತ್ತು 1968-69ರಲ್ಲಿ ಸಾಲಾಗಿ ಎರಡು. ಅದಾದ ಎಂಟು ವರ್ಷಕ್ಕೆ ಐಟಿಐನ ಫೆಡರೇಶನ್ ಕಪ್.

ಆದರೆ ಈ ಏರ್ಪಾಟಿನಲ್ಲೇ ಒಂದು ಹುಳುಕಿತ್ತು. ತಂಡ ನಿಂತಿದ್ದು ಟಿಕೆಟ್ ಕೊಳ್ಳುವ ಜನರ ಮೇಲಲ್ಲ, ಕಾರ್ಖಾನೆಯ ನೇಮಕಾತಿಯ ಮೇಲೆ. ಐಟಿಐ ಮಾಡಿದ ಫೋನನ್ನು ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಸರಕಾರವೇ. 1991ರ ನಂತರ ಬಾಗಿಲು ತೆರೆದು ಹೊರಗಿನ ಕಂಪನಿಗಳು ಬಂದವು, ಆಮೇಲೆ ಮೊಬೈಲ್ ಬಂತು. ಆ ಕಪ್ಪು ಫೋನು ಶೋಕೇಸ್ ಸೇರಿತು. ಆರ್ಡರ್ ಕಮ್ಮಿಯಾದ ಕಾರ್ಖಾನೆ ಮೊದಲು ನಿಲ್ಲಿಸೋದು ಹೊಸ ನೇಮಕಾತಿಯನ್ನ. ಫಿಟ್ಟರ್‌ಗೇ ಕೆಲಸ ಇಲ್ಲದಾಗ ಸೆಂಟರ್ ಫಾರ್ವರ್ಡ್‌ಗೆ ಎಲ್ಲಿಂದ ಕೊಡ್ತಾರೆ?

ಅಪ್ಪನ ಸೆಕ್ಷನ್‌ನಲ್ಲಿ ಒಬ್ಬರು ಇದ್ದರಂತೆ, ಡಿಫೆಂಡರ್. ಆಟ ಬಿಟ್ಟ ಮೇಲೆ ಸ್ಟೋರ್ಸ್‌ನಲ್ಲಿ ಲೆಕ್ಕ ಬರೀತಿದ್ದರು. ಅವರ ಮಗನ ಕಾಲಲ್ಲೂ ಒಳ್ಳೇ ಆಟ ಇತ್ತು. ಹತ್ತನೇ ಕ್ಲಾಸಿಗೆ ಬಂದಾಗ ಅವರೇ ಮಗನ ಬೂಟು ತೆಗೆದು ಅಟ್ಟಕ್ಕೆ ಹಾಕಿದರಂತೆ. ಅಪ್ಪ ಯಾಕೆ ಅಂತ ಕೇಳಿದ್ದಕ್ಕೆ, "ನಂಗೆ ಆಟ ಅನ್ನ ಹಾಕ್ತು. ಇವನಿಗೆ ಯಾರು ಹಾಕ್ತಾರೆ ಸಾರ್?" ಅಂದರಂತೆ. ಆ ಹುಡುಗ ಈಗ ನನ್ನ ಹಾಗೇ ಲ್ಯಾಪ್‌ಟಾಪ್ ಮುಂದೆ ಕೂತಿರಬೇಕು.

ಒಂದು ತಂಡದ ಅವನತಿ ಅಂದ್ರೆ ನಾವು ಅಂದುಕೊಳ್ಳೋದು ಸೋಲುಗಳ ಸರಮಾಲೆ. ಇಲ್ಲಿ ಆಗಿದ್ದು ಹಾಗಲ್ಲ. ಒಂದೊಂದೇ ಮನೆಯಲ್ಲಿ ಒಂದೊಂದೇ ಜೊತೆ ಬೂಟು ಅಟ್ಟ ಸೇರಿತು. ಮೈದಾನದಲ್ಲಿ ಸೋಲು ಕಾಣಿಸಿಕೊಂಡಿದ್ದು ಆಮೇಲೆ.

ಈಗ ನನ್ನ ತಪ್ಪೊಪ್ಪಿಗೆ. ಹೆಚ್‌ಎಎಲ್ ತಂಡ ಕಷ್ಟಪಟ್ಟು ಮೇಲೆ ಬಂದು 2010-11ರಲ್ಲಿ ಐ-ಲೀಗ್ ಆಡಿತು. ಆಗ ದೇಶದ ಅತಿ ದೊಡ್ಡ ಲೀಗ್ ಅದೇ. ಮರುವರ್ಷ, 2011-12ರಲ್ಲಿ ಕೆಳಗೆ ಬಿದ್ದು ಹೊರಗೆ ಹೋಯ್ತು. ಅದೇ ಸೀಸನ್‌ನ ಕೊನೇ ದಿನ, 2012ರ ಮೇ 13ರಂದು, ಇಂಗ್ಲೆಂಡಿನಲ್ಲಿ ಅಗ್ವೇರೋ ಕಡೇ ಗಳಿಗೆಯಲ್ಲಿ ಹೊಡೆದ ಗೋಲಿನಿಂದ ಮ್ಯಾಂಚೆಸ್ಟರ್ ಸಿಟಿ ನಮ್ಮ ಕೈಯಿಂದ ಲೀಗ್ ಕಿತ್ತುಕೊಂಡಿತು. ಅವತ್ತು ನಾನು ನಿಜವಾಗಲೂ ಅತ್ತೆ, ಮಾರನೇ ದಿನ ರಜೆ ಹಾಕಿದೆ. ಆಗ ನನ್ನ ಮೊದಲ ಕೆಲಸ ಇದ್ದದ್ದು ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ. ದಿನಾ ಬೆಳಗ್ಗೆ ನನ್ನ ಬಸ್ಸು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡು ಹೆಚ್‌ಎಎಲ್ ಕಾಂಪೌಂಡ್ ಪಕ್ಕದಲ್ಲೇ ನಿಂತಿರ್ತಿತ್ತು. ಆ ಗೋಡೆಯ ಒಳಗಿನ ತಂಡ ದೊಡ್ಡ ಲೀಗಿಂದ ಬಿದ್ದುಹೋದದ್ದು ನನಗೆ ತಿಳೀಲೇ ಇಲ್ಲ. ನಾನು ಗೋಡೆಯ ಈ ಕಡೆ ಕೂತು ಸಿಟಿಯವರನ್ನು ಬೈತಾ ಇದ್ದೆ.

ಯುನೈಟೆಡ್ 15ನೇ ಸ್ಥಾನಕ್ಕೆ ಬಿದ್ದಿರಬಹುದು. ಆದರೆ ಅದಕ್ಕೆ ಬೈಯೋಕೆ ಬೆಂಗಳೂರಿನಲ್ಲೂ ರಾತ್ರಿ ಎರಡೂವರೆಗೆ ಮೂರು ಜನ ಎದ್ದು ಕೂತಿದ್ದಾರೆ. ಬೈಯೋರು ಇರೋ ತನಕ ಆ ತಂಡಕ್ಕೆ ಸಾವಿಲ್ಲ. ಇಂದು ದೇಶದ ದೊಡ್ಡ ಲೀಗುಗಳ ಪಟ್ಟಿಯಲ್ಲಿ ಐಟಿಐ ಇಲ್ಲ, ಹೆಚ್‌ಎಎಲ್ ಇಲ್ಲ. ಅವು ಮರೆಯಾದಾಗ ಬೈಯೋಕೂ ಯಾರೂ ಇರಲಿಲ್ಲ. ಅಪ್ಪನಂಥವರು ನಿವೃತ್ತರಾಗಿದ್ದರು, ನನ್ನಂಥವರು ಬೇರೆ ಊರಿನ ತಂಡಕ್ಕೆ ಅಳ್ತಿದ್ದೆವು.

ಹಾಗಂತ ಬರೀ ಹಳೇದನ್ನು ಹಲುಬಿಕೊಂಡು ಕೂತರೆ ಇವತ್ತಿನವರಿಗೆ ಅನ್ಯಾಯ. ಫರ್ಗ್ಯುಸನ್ ಹೊರಟ 2013ರಲ್ಲೇ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, ಅದೂ ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯ್ತು, 2018-19ರಲ್ಲಿ ಐಎಸ್‌ಎಲ್ ಗೆದ್ದಿತು. 2023ರ ಮಾರ್ಚಿನಲ್ಲಿ ಕರ್ನಾಟಕ ತಂಡ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ತಂದಿತು. 54 ವರ್ಷದ ಮೇಲೆ! ಆ ಮ್ಯಾಚನ್ನೂ ನಾನು ನೋಡಿರಲಿಲ್ಲ ಅನ್ನೋದು ಬೇರೆ ಮಾತು.

ಆದರೂ ಅಪ್ಪನ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತೆ. 2025ರಲ್ಲಿ ಲೀಗ್ ನಡೆಸುವ ಒಪ್ಪಂದ ಬಗೆಹರಿಯದೆ ಐಎಸ್‌ಎಲ್ ಹೊತ್ತಿಗೆ ಸರಿಯಾಗಿ ಶುರುವಾಗಲೇ ಇಲ್ಲ. ಬೆಂಗಳೂರು ಎಫ್‌ಸಿ ಆಗಸ್ಟಿನಲ್ಲಿ ಆಟಗಾರರ ಸಂಬಳ ತಡೆಹಿಡಿಯಿತು. ಕಾರ್ಖಾನೆಯ ಜಾಗಕ್ಕೆ ಒಪ್ಪಂದ ಬಂದಿದೆ, ಅಷ್ಟೇ ವ್ಯತ್ಯಾಸ. ಆಟ ಯಾವುದರ ಮೇಲೆ ನಿಂತಿದೆಯೋ ಅದು ಅಲುಗಾಡಿದರೆ ಸುನಿಲ್ ಛೆಟ್ರಿಯಂಥ ಆಟಗಾರನಿದ್ದೂ ಉಪಯೋಗವಿಲ್ಲ. ಒಂದೇ ಒಂದು ಸಮಾಧಾನ ಅಂದ್ರೆ ಈ ಸಲ ಕೂಗಾಡೋಕೆ ಅಭಿಮಾನಿಗಳು ಇದ್ದಾರೆ.

ಅದಾದ ಕೆಲವು ವಾರಕ್ಕೆ ಒಂದು ಮಧ್ಯಾಹ್ನ ರಜೆ ಹಾಕಿ ಅಪ್ಪನನ್ನು ಅಶೋಕನಗರದ ಸ್ಟೇಡಿಯಂಗೆ ಕರ್ಕೊಂಡು ಹೋದೆ. ಊರಿನ ಲೀಗ್ ಮ್ಯಾಚು. ಎರಡು ತಂಡದ ಹೆಸರೂ ನಮ್ಮಿಬ್ಬರಿಗೂ ಹೊಸದು. ನೋಡೋಕೆ ಬಂದವರು ಐವತ್ತು ಜನ ಇದ್ದರೆ ಹೆಚ್ಚು. ನಮ್ಮ ಮುಂದಿನ ಸಾಲಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಕಡಲೆಕಾಯಿ ತಿಂತಾ, ಕನ್ನಡ, ತಮಿಳು, ಉರ್ದು ಮೂರರಲ್ಲೂ ರೆಫರಿಗೆ ಬುದ್ಧಿ ಹೇಳ್ತಿದ್ದರು.

ಹತ್ತು ನಿಮಿಷ ಅಪ್ಪ ಸುಮ್ಮನೆ ಕೂತಿದ್ದರು. ಆಮೇಲೆ ನೀಲಿ ಅಂಗಿಯ ಹುಡುಗನೊಬ್ಬ ಖಾಲಿ ಗೋಲಿನ ಮುಂದೆ ಬಾಲನ್ನು ಮೇಲಕ್ಕೆ ಒದ್ದ. ಅಪ್ಪ ಎದ್ದು ನಿಂತು, "ಅಯ್ಯೋ, ಕಾಲಲ್ಲಿ ಹೊಡ್ಯೋ! ನಮ್ಮೋರು ಬರಿಗಾಲಲ್ಲಿ ಹೊಡೀತಿದ್ರು ಅದನ್ನ!" ಅಂತ ಕೂಗಿದರು.

ಮುಂದಿನ ಸಾಲಿನವರು ತಿರುಗಿ ನೋಡಿ, ಕಡಲೆಕಾಯಿ ಪೊಟ್ಟಣ ಅಪ್ಪನ ಕಡೆ ಚಾಚಿದರು. "ಯಾವ ಕಂಪ್ನಿ ಸಾರ್ ನೀವು?" ಅಂತ ಕೇಳಿದರು.

"ಐಟಿಐ."

"ಓ, ಎಪ್ಪತ್ತೇಳು!" ಅಂದರು ಅವರು, ತಕ್ಷಣ.