ಬಾಲಗಂಗಾಧರ, ಎಸ್. ಎನ್.

ಬೆಂಗಳೂರಿನಲ್ಲಿ 1952ರಲ್ಲಿ ಹುಟ್ಟಿ, ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದಲ್ಲಿ ದುಡಿದ ಸಮಾಜವಿಜ್ಞಾನದ ತತ್ತ್ವಚಿಂತಕ. 1994ರ ‘ದಿ ಹೀದನ್ ಇನ್ ಹಿಸ್ ಬ್ಲೈಂಡ್‌ನೆಸ್’ ಗ್ರಂಥದಲ್ಲಿ ಇವರ ವಾದ ನೇರವಾಗಿದೆ: ರಿಲಿಜನ್ ಎಲ್ಲ ಸಂಸ್ಕೃತಿಗಳಲ್ಲೂ ಇರುತ್ತದೆಂಬ ನಂಬಿಕೆ ಸಂಶೋಧನೆಯಿಂದ ಸಿದ್ಧವಾದದ್ದಲ್ಲ, ಕ್ರೈಸ್ತ ದೇವತಾಶಾಸ್ತ್ರದಿಂದ ಇಳಿದುಬಂದದ್ದು. ಗದಗ ಜಿಲ್ಲೆಯಲ್ಲಿ ಇದನ್ನು ಒರೆಗೆ ಹಚ್ಚಬಹುದು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಹಿರಿಯರಿಂದ ಬಂದ ನಡಾವಳಿಯೇ ಅಲ್ಲಿ ಮುಖ್ಯ, ಯಾರ ಮತ ಸತ್ಯವೆಂಬ ಪ್ರಶ್ನೆ ಏಳುವುದು ಅಪರೂಪ. ಜಾತಿಯ ಬಗೆಗಿನ ರೂಢಿಯ ವಿವರಣೆಗೂ ಚಾಚುವ ಈ ವಾದ ಜಾತಿಯ ಕ್ರೌರ್ಯವನ್ನು ಮರೆಮಾಚುತ್ತದೆ ಎಂಬ ಆಕ್ಷೇಪ ಕರ್ನಾಟಕದಲ್ಲಿ ಬಲವಾಗಿಯೇ ಕೇಳಿಬಂದಿದೆ. ಇವರು ಅನ್ಯಾಯವನ್ನು ಅಲ್ಲಗಳೆಯುವುದಿಲ್ಲ, ಅದಕ್ಕೆ ಕೊಡುವ ವಿವರಣೆಯನ್ನು ಪ್ರಶ್ನಿಸುತ್ತಾರೆ. ಆದರೂ ನೊಂದವರ ಅನುಭವವನ್ನು ವಿವರಿಸಬಲ್ಲ ಪರ್ಯಾಯ ಸಿದ್ಧಾಂತ ಇನ್ನೂ ಅಪೂರ್ಣ. ಕುವೆಂಪು ವಿಶ್ವವಿದ್ಯಾಲಯದ ರಾಜಾರಾಮ ಹೆಗಡೆಯವರು ಈ ಚಿಂತನೆಯನ್ನು ಕನ್ನಡಕ್ಕೆ ತಂದರು.